ಒಂದೇ ಬಾಣಲಿ, ಐದು ಬಾಯಿ

2023ರ ಏಪ್ರಿಲ್ 2ರ ಬೆಳಿಗ್ಗೆ ನಮ್ಮ ಚಳ್ಳಕೆರೆ ಸೀಮೆಯ ಆಕಾಶದಲ್ಲಿ ಒಂದು ಸೋಜಿಗ ನಡೆಯಿತು. ಇಸ್ರೊದವರ ರೆಕ್ಕೆಯುಳ್ಳ ವಾಹನವೊಂದನ್ನು ಹೆಲಿಕಾಪ್ಟರು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಒಳಗೆ ಪೈಲಟ್ ಇಲ್ಲ. ಅದು ತಾನೇ ದಾರಿ ನೋಡಿಕೊಂಡು ಡಿಆರ್‌ಡಿಒ ರನ್‌ವೇ ಮೇಲೆ ಬಂದು ಇಳಿಯಿತು. 2024ರಲ್ಲಿ ಪುಷ್ಪಕ್ ಎಂಬ ಹೆಸರಿನಲ್ಲಿ ಇನ್ನೆರಡು ಸಲ ಇಳಿಸಿದರು. ಊರು ಇಷ್ಟೆಲ್ಲ ಮುಂದುವರಿದರೂ ರಾತ್ರಿ ಊಟ ತಾನೇ ದಾರಿ ನೋಡಿಕೊಂಡು ತಟ್ಟೆಗೆ ಇಳಿಯುವ ಏರ್ಪಾಡು ಮಾತ್ರ ಇನ್ನೂ ಆಗಿಲ್ಲ. ಅದಕ್ಕೆ ಈಗಲೂ ಪೈಲಟ್ ಬೇಕು. ನಮ್ಮ ಮನೆಯಲ್ಲಿ ಆ ಪೈಲಟ್ ನಾನು.

ನನ್ನ ಕೆಲಸ ಮೊಳಕಾಲ್ಮುರಿನ ಕಡೆ, ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ. ಮನೆ ಚಳ್ಳಕೆರೆಯಲ್ಲಿ. ಸಂಜೆಯ ಬಸ್ಸು ಹಾನಗಲ್, ಬಿ.ಜಿ. ಕೆರೆ, ತಳುಕು ಎಂದು ನಿಲ್ಲುತ್ತಾ ಬರುವಾಗ ಅದರಲ್ಲಿರುವ ಹೆಂಗಸರೆಲ್ಲ ಕಿಟಕಿಯಾಚೆ ನೋಡುತ್ತಿರುತ್ತಾರೆ. ಪ್ರಕೃತಿ ಸೌಂದರ್ಯ ಸವಿಯುತ್ತಿದ್ದಾರೆ ಎಂದು ಯಾರೂ ತಿಳಿಯಬಾರದು. ಮನೆಯಲ್ಲಿ ಟೊಮೆಟೊ ಇದೆಯೋ ಇಲ್ಲವೋ ಎಂದು ನೆನೆಸಿಕೊಳ್ಳುತ್ತಿರುತ್ತಾರೆ.

ಮಳೆ ಕೈಕೊಡುವ ಸೀಮೆ ನಮ್ಮದು. ಆದರೆ ರಾತ್ರಿ ಊಟದ ವಿಷಯದಲ್ಲಿ ಸಲಹೆಗಳಿಗೆ ಯಾವ ಬರವೂ ಇಲ್ಲ. ಮನೆಯಲ್ಲಿ ನಾವು ಐದು ಜನ. ಅತ್ತೆಗೆ ಮುದ್ದೆ ಇಲ್ಲದಿದ್ದರೆ ಅದು ಊಟದ ಲೆಕ್ಕಕ್ಕೇ ಬರುವುದಿಲ್ಲ. "ಮುದ್ದೆಗೂ ಒಂದೇ ಪಾತ್ರೆ ಕಣವ್ವ" ಎನ್ನುತ್ತಾರೆ. ಸಾರಿಗೆ ಎಂದು ಕೇಳಿದರೆ "ಬೆಳಿಗ್ಗೇದು ಐತಲ್ಲ" ಎನ್ನುತ್ತಾರೆ. ಬೆಳಗಿನ ಸಾರನ್ನು ನಮ್ಮ ಯಜಮಾನರು ಮಧ್ಯಾಹ್ನವೇ ಮುಗಿಸಿರುತ್ತಾರೆ. ಯಜಮಾನರದು ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಆದ್ದರಿಂದ ಅವರ ಸಲಹೆಯೂ ಲೆಕ್ಕಾಚಾರದ್ದೇ: "ಮಂಡಕ್ಕಿ ಒಗ್ಗರಣೆ ಮಾಡು, ಹತ್ತು ನಿಮಿಷದ ಕೆಲಸ." ಮಂಡಕ್ಕಿ ನೆನೆಸಿ ಹಿಂಡಿ, ಒಗ್ಗರಣೆ ಹಾಕಿ, ಹುರಿಗಡಲೆ ಪುಡಿ ಉದುರಿಸುವುದು ಹತ್ತು ನಿಮಿಷದ್ದೇ, ನಿಜ. ಆದರೆ ನಮ್ಮ ಜಿಲ್ಲೆಯಲ್ಲಿ ಮಿರ್ಚಿ ಇಲ್ಲದ ಮಂಡಕ್ಕಿಯನ್ನು ಎಲೆಯ ಮುಂದೆ ತರುವ ಧೈರ್ಯ ಯಾರಿಗಿದೆ? ಮಿರ್ಚಿ ಎಂದರೆ ಇನ್ನೊಂದು ಬಾಣಲಿ, ಕಡಲೆಹಿಟ್ಟಿನ ಇನ್ನೊಂದು ಬೋಗುಣಿ, ಎಣ್ಣೆ ಬಸಿಯಲು ಇನ್ನೊಂದು ತಟ್ಟೆ. ಮಕ್ಕಳಿಬ್ಬರದು ಒಂದೇ ಪಕ್ಷ, ಒಂದೇ ಬೇಡಿಕೆ: ಪಾಸ್ತಾ.

ನಾನು ಮಕ್ಕಳ ಪಕ್ಷ ಸೇರಿದ್ದು ಮಮತೆಯಿಂದಲ್ಲ, ಪಾತ್ರೆಗಳ ಲೆಕ್ಕ ಹಾಕಿ. ಇಟಲಿಯ ಶಾಸ್ತ್ರದಂತೆ ಪಾಸ್ತಾವನ್ನು ದೊಡ್ಡ ಹಂಡೆಯಷ್ಟು ನೀರಿನಲ್ಲಿ ಬೇಯಿಸಿ, ನೀರು ಚೆಲ್ಲಿ, ಬೇರೆ ಬಾಣಲಿಯಲ್ಲಿ ಮಾಡಿಟ್ಟ ಸಾಸಿಗೆ ಸೇರಿಸಬೇಕು. ಮೂರು ದಿನಕ್ಕೊಮ್ಮೆ ನಲ್ಲಿ ನೀರು ಕಂಡವರ ಕೈಯಲ್ಲಿ ಈ ನೀರು ಚೆಲ್ಲುವ ಕೆಲಸ ಆಗುವುದಿಲ್ಲ. 2013ರಲ್ಲಿ ಅಮೆರಿಕದ ಮಾರ್ಥಾ ಸ್ಟೀವರ್ಟ್ ಅವರ ಪತ್ರಿಕೆ ಎಲ್ಲವನ್ನೂ ಒಂದೇ ಬಾಣಲಿಗೆ ಹಾಕಿ, ಅಳತೆಯ ನೀರಿನಲ್ಲೇ ಬೇಯಿಸುವ ವಿಧಾನವನ್ನು ಪ್ರಕಟಿಸಿತು. ಜಗತ್ತು ಬೆರಗಾಯಿತಂತೆ. ನಮ್ಮ ಅಜ್ಜಿಯರು ಉಪ್ಪಿಟ್ಟನ್ನೂ ಶಾವಿಗೆ ಬಾತನ್ನೂ ಮಾಡುತ್ತಿದ್ದದ್ದು ಇನ್ನು ಹೇಗೆ? ಅವರಿಗೆ ಪತ್ರಿಕೆ ಇರಲಿಲ್ಲ, ಅಷ್ಟೇ.

ಮೊದಲ ವಿಚಾರಣೆ ಅತ್ತೆಯ ಮುಂದೆ ನಡೆಯಿತು. ಪ್ಯಾಕೆಟ್ಟಿನಿಂದ ಒಂದು ಪೆನ್ನೆ ತೆಗೆದು, ಕಣ್ಣಿಗೆ ಹಿಡಿದು, ಈ ತುದಿಯಿಂದ ಆ ತುದಿ ನೋಡಿದರು.

"ಏನವ್ವ ಇದು, ಬೋರ್‌ವೆಲ್ ಪೈಪ್ ಕುಯ್ದಿಟ್ಟಂಗೈತೆ."

"ರವೆ ಅತ್ತೆ. ಗಟ್ಟಿ ಗೋಧಿ ರವೆ. ನಮ್ಮ ಬನ್ಸಿ ರವೆ ಬರುತ್ತಲ್ಲ, ಅದೇ ಜಾತಿ."

"ರವೆ ಆದ್ರೆ ಉಪ್ಪಿಟ್ಟು ಮಾಡು. ಪರದೇಶದ್ದು ಯಾಕೆ?"

ವಿಜ್ಞಾನದ ಮೇಡಂ ಸುಮ್ಮನಿರುವುದುಂಟೆ? ಟೊಮೆಟೊ, ಮೆಣಸಿನಕಾಯಿ, ಕೊನೆಗೆ ನಮ್ಮ ಊರಿಗೆ ಅನ್ನ ಕೊಟ್ಟ ಶೇಂಗಾ ಕೂಡ ಅಮೆರಿಕ ಖಂಡದಿಂದ ಬಂದವು ಎಂದು ಪಾಠ ಮಾಡಿದೆ. ಅತ್ತೆ ಪೂರಾ ಕೇಳಿಸಿಕೊಂಡು, "ಶೇಂಗಾ ನಮ್ಮ ಹೊಲದಾಗೆ ಬೆಳೆದಿದ್ದು. ನಿಮ್ಮ ಪುಸ್ತಕದಾಗಲ್ಲ" ಎಂದು ತೀರ್ಪು ಕೊಟ್ಟರು. ಅಪೀಲಿಗೆ ಅವಕಾಶವಿರಲಿಲ್ಲ.

ಮುಂದಿನ ತೊಡಕು ಕೆನೆಯದು. ಅಂಗಡಿಯ ಕ್ರೀಮ್ ಡಬ್ಬಿ ತಂದರೆ ಎರಡು ಚಮಚ ಬಳಸಿ ಮಿಕ್ಕದ್ದು ಫ್ರಿಜ್ಜಿನಲ್ಲಿ ಹುಳಿಯುವುದೇ ಅದರ ಹಣೆಬರಹ. ಮನೆಯಲ್ಲಿ ಹಾಲಿನ ಕೆನೆ ದಿನವೂ ಇರುತ್ತದೆ, ಆದರೆ ಅದು ಅತ್ತೆಯ ತುಪ್ಪದ ಖಾತೆಗೆ ಜಮೆಯಾಗುವಂಥದ್ದು. ಆ ಖಾತೆಯಿಂದ ನಗದು ತೆಗೆಯುವ ಅಧಿಕಾರ ಮನೆಯಲ್ಲಿ ಇನ್ಯಾರಿಗೂ ಇಲ್ಲ.

ಆಗ ನೆನಪಾದದ್ದು ಊರಿನ ಬಿರುದು. ಚಳ್ಳಕೆರೆಗೆ ಎಣ್ಣೆ ನಗರ ಎಂಬ ಹೆಸರು ಬಂದದ್ದು ಶೇಂಗಾದಿಂದ. ಗಿರಣಿಗಳು ಈಗ ಮೊದಲಿನಷ್ಟಿಲ್ಲ, ಹೆಸರು ಮಾತ್ರ ಉಳಿದಿದೆ. ಶೇಂಗಾ ಬೀಜದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆ, ಕಾಲು ಭಾಗ ಪ್ರೋಟೀನು. ಹುರಿದು, ಸಿಪ್ಪೆ ಹಾರಿಸಿ, ಸ್ವಲ್ಪ ನೀರು ಬಿಟ್ಟು ನುಣ್ಣಗೆ ರುಬ್ಬಿದರೆ ಯಾವ ಹಸುವಿನ ಅಪ್ಪಣೆಯೂ ಬೇಕಿಲ್ಲದ ಕೆನೆ ಸಿದ್ಧ. ಬಸಿಯದೆ ಬಿಟ್ಟ ನೀರಿನಲ್ಲಿ ಪಾಸ್ತಾದ ಗಂಜಿ ಇರುತ್ತದೆ. ಈ ಗಂಜಿ ಎಣ್ಣೆಯನ್ನೂ ನೀರನ್ನೂ ಬೇರೆಯಾಗಲು ಬಿಡದೆ ಹಿಡಿದಿಡುತ್ತದೆ. ಕೂಡು ಕುಟುಂಬದಲ್ಲಿ ಇಂಥವರು ಒಬ್ಬರಾದರೂ ಬೇಕು.

ಕ್ರಮ ಇಷ್ಟೇ. ಅಗಲವಾದ ಬಾಣಲಿಯಲ್ಲಿ ಎರಡು ಚಮಚ ಶೇಂಗಾ ಎಣ್ಣೆ, ಆರೇಳು ಎಸಳು ಬೆಳ್ಳುಳ್ಳಿ, ಎರಡು ಈರುಳ್ಳಿ, ಎರಡು ಹಸಿಮೆಣಸಿನಕಾಯಿ. ಬಾಡಿದ ಮೇಲೆ ಮೂರು ಟೊಮೆಟೊ, ಉಪ್ಪು. 250 ಗ್ರಾಂ ಪಾಸ್ತಾ, ಮುಕ್ಕಾಲು ಲೀಟರ್ ಬಿಸಿನೀರು. ಹನ್ನೆರಡು ನಿಮಿಷ ಕುದಿಯಲಿ, ನಡುನಡುವೆ ಕೈಯಾಡಿಸಬೇಕು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ನೀರು ಇನ್ನೂ ಸ್ವಲ್ಪ ಇರುವಾಗಲೇ ಒಂದು ಹಿಡಿ ಶೇಂಗಾ ರುಬ್ಬಿದ್ದು, ಅರ್ಧ ಲೋಟ ಹಾಲು ಸೇರಿಸಿ ಉರಿ ತಗ್ಗಿಸಿ. ಎರಡು ನಿಮಿಷಕ್ಕೆ ಮಂದವಾಗುತ್ತದೆ. ಮೇಲೆ ಕಾಳುಮೆಣಸಿನ ಪುಡಿ. ಮಿಕ್ಸಿ ಜಾರು ಪಾತ್ರೆಯ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳುವವರನ್ನು ಊಟಕ್ಕೆ ಕರೆಯಬೇಡಿ.

ಇಷ್ಟಾದರೂ ಮೊದಮೊದಲು ಪಾಸ್ತಾದ ಜೊತೆಗೆ ಒಂದು ಮುದ್ದೆ, ನಾಲ್ಕು ಮಿರ್ಚಿ, ಉಪ್ಪಿನಕಾಯಿ ಎಲ್ಲ ಬರುತ್ತಿದ್ದವು. ಬಾಣಲಿ ಒಂದೇ, ಸಿಂಕಿನಲ್ಲಿ ಪಾತ್ರೆ ಹನ್ನೊಂದು. ಇದಕ್ಕೆ ಪರಿಹಾರವನ್ನು ಇತಿಹಾಸದಲ್ಲಿ ಹುಡುಕಿದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಪತ್ತೆ ಮಾಡಿದವು. ತಂದೆತಾಯಿಯರ ಮಾತು ಕೇಳಬೇಕು ಎಂದು ಅಶೋಕ ಅಲ್ಲಿ ಬರೆಸಿದ್ದಾನೆ. ಅಂದರೆ ಅವನು ಅತ್ತೆಯ ಪಕ್ಷ. ಆದರೆ ದೂರದ ಗಿರ್ನಾರಿನ ಬಂಡೆಯಲ್ಲಿ ತನ್ನ ಅಡುಗೆಮನೆಯ ಸುದ್ದಿಯನ್ನೇ ಹೇಳಿಕೊಂಡಿದ್ದಾನೆ: ಹಿಂದೆ ದಿನವೂ ಲಕ್ಷಗಟ್ಟಲೆ ಪ್ರಾಣಿಗಳು ಸಾರಿಗೆ ಬೀಳುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ದಿನಾ ಅಲ್ಲ. ಚಕ್ರವರ್ತಿಯೇ ಅಡುಗೆಯ ಪಟ್ಟಿ ಇಳಿಸಿ ಬಂಡೆಯ ಮೇಲೆ ಕೆತ್ತಿಸಿದ್ದಾನೆಂದರೆ ನಾನು ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಬಾರದೆ? ಅಂಟಿಸಿದೆ: ಬುಧವಾರ, ಒಂದೇ ಅಡುಗೆ. ಅತ್ತೆ ಚೀಟಿ ಓದಿ, ಪಾಸ್ತಾಕ್ಕೆ ಒಂದು ಚಮಚ ಶೇಂಗಾ ಚಟ್ನಿಪುಡಿ ಉದುರಿಸಿಕೊಂಡು ತಿಂದರು. "ಪೈಪಿನೊಳಗೆ ಸಾರು ಹೋಗಿ ಕುಂತೈತೆ" ಎಂದದ್ದು ಹೊಗಳಿಕೆ ಎಂದೇ ನಾನು ದಾಖಲಿಸಿಕೊಂಡಿದ್ದೇನೆ.

ಉಳಿದದ್ದು ದುಡಿಯುವ ಕೈಗಳ ಪ್ರಶ್ನೆ. ಅದನ್ನು ಬಗೆಹರಿಸಿಕೊಟ್ಟವರು ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಯ ಒಬ್ಬ ತಾಯಿ. ಪಾಲಕರ ಸಭೆಗೆ ಬಂದಿದ್ದರು. ಗಂಡ ಹೆಂಡತಿ ಇಬ್ಬರೂ ಮಗ್ಗದ ಕೆಲಸದವರು. ಅಡುಗೆ ಯಾರು ಮಾಡುತ್ತೀರಿ ಎಂದರೆ ನನ್ನನ್ನೇ ವಿಚಿತ್ರವಾಗಿ ನೋಡಿ, "ಮಗ್ಗದಿಂದ ಯಾರು ಮೊದ್ಲು ಏಳ್ತಾರೋ ಅವ್ರು, ಮೇಡಂ" ಎಂದರು. ಸರ್ಕಾರ ಕೊಡುವ ತರಬೇತಿಗಳಲ್ಲಿ ಇಷ್ಟು ಚುಟುಕಾದ ಪಾಠ ನಾನು ಕೇಳಿಲ್ಲ.

ಆದ್ದರಿಂದ ಓದುಗರಲ್ಲಿ ವಿನಂತಿ. ಶೇಂಗಾವನ್ನು ಹುರಿದೇ ರುಬ್ಬಿ, ಹಸಿಯದು ಹಾಕಬೇಡಿ. ನೀರು ಬಸಿಯಬೇಡಿ. ಆ ಒಂದು ಬಾಣಲಿಯನ್ನು ತಿಕ್ಕುವ ಪಾಳಿ ಯಾರದೆಂದು ಒಲೆ ಹಚ್ಚುವ ಮೊದಲೇ ತೀರ್ಮಾನವಾಗಲಿ. ಉಂಡ ಮೇಲೆ ಯಾರೂ ಕೈಗೆ ಸಿಗುವುದಿಲ್ಲ.