ತೂಬಿಲ್ಲದ ಕೆರೆ

ನಮ್ಮ ಕಡೆ ಸತ್ತವರನ್ನು ನೆನೆಯುವ ಜಾಗಗಳು ಮೊದಲೇ ನಿಗದಿಯಾಗಿವೆ. ಬಸ್ ನಿಲ್ದಾಣದ ಕಲ್ಲುಬೆಂಚು, ದೇವಸ್ಥಾನದ ಗಂಟೆ, ಸಮುದಾಯ ಭವನದ ಸ್ಟೀಲ್ ತಟ್ಟೆ, ಶಾಲೆಯ ಫ್ಯಾನು. ನಮ್ಮೂರ ಶಾಲೆಯ ಫ್ಯಾನೊಂದರಲ್ಲಿ ಒಂದು ರೆಕ್ಕೆಗೆ ‘ದಿವಂಗತ’, ಇನ್ನೊಂದಕ್ಕೆ ಹೆಸರು, ಮೂರನೆಯದಕ್ಕೆ ‘ಸ್ಮರಣಾರ್ಥ’ ಅಂತ ಕೆಂಪು ಬಣ್ಣದಲ್ಲಿ ಹಂಚಿ ಬರೆಸಿದ್ದಾರೆ. ಫ್ಯಾನು ತಿರುಗುತ್ತಿದ್ದರೆ ಓದಲಾಗದು. ಕರೆಂಟು ಹೋದಾಗ ಮಾತ್ರ ಆ ಪುಣ್ಯಾತ್ಮರು ಮಕ್ಕಳಿಗೆ ಕಾಣಿಸುತ್ತಾರೆ. ಆಗ ಮಕ್ಕಳು ಬೆವರು ಒರೆಸಿಕೊಂಡು ಅವರನ್ನೇ ದಿಟ್ಟಿಸುತ್ತಾರೆ. ಬೇಸಿಗೆಯಲ್ಲಿ ಅವರಿಗೆ ಸಲ್ಲುವ ಸ್ಮರಣೆ ಜಾಸ್ತಿ.

ಇನ್ನೂ ಜನಪ್ರಿಯರಾಗಿದ್ದವರಿಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ. ಬ್ಯಾನರಿನಲ್ಲಿ ಸತ್ತವರ ಫೋಟೊ ಅಂಚೆಚೀಟಿಯಷ್ಟಿದ್ದರೆ, ಬಹುಮಾನ ಕೊಡಿಸಿದ ಮುಖಂಡರದು ಬಾಗಿಲಗಲ. ಆದರೂ ಕಬಡ್ಡಿ ನಡೆಯುತ್ತದೆ, ಜನ ಸೇರುತ್ತಾರೆ, ಟಗರು ಬಹುಮಾನ ಹೊಡೆದವರು ಅದನ್ನು ಹೆಗಲ ಮೇಲೆ ಹೊತ್ತು ಹೋಗುತ್ತಾರೆ. ನಾನಂತೂ ದೂರುವವನಲ್ಲ.

ಹಿಂದಿನವರ ಕೈ ದೊಡ್ಡದಿತ್ತು. ನಮ್ಮ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕ 1246ರಲ್ಲಿ ಲಕ್ಷ್ಮೀನರಸಿಂಹನಿಗೆ ಮೂರು ಗರ್ಭಗುಡಿಯ ದೇವಸ್ಥಾನ ಕಟ್ಟಿಸಿದ. ಅದು ಹೊಯ್ಸಳ ಸೋಮೇಶ್ವರನ ಕಾಲ. ಊರಿಗೆ ಆಗ ವಿಜಯ ಸೋಮನಾಥಪುರ ಅನ್ನುವ ಹೆಸರು. ಮೂರೇ ವರ್ಷದಲ್ಲಿ ಸದಾಶಿವನಿಗೂ ಒಂದು ಗುಡಿ ಎದ್ದಿತು. ಗೋಡೆಯ ಮೂರ್ತಿಗಳನ್ನು ಕಡೆದ ಬೈಚೋಜ, ಮಲ್ಲಿತಮ್ಮ ಇಬ್ಬರೂ ಬುದ್ಧಿವಂತರು. ಹೆಸರನ್ನು ತಿರುಗುವ ವಸ್ತುವಿನ ಮೇಲೆ ಬರೆಯದೆ ಮೂರ್ತಿಗಳ ಪಾದದ ಕೆಳಗೆ ಕೆತ್ತಿದರು. ಏಳೂಮುಕ್ಕಾಲು ನೂರು ವರ್ಷ ಕಳೆದರೂ ಓದಬಹುದು, ಕರೆಂಟು ಇರಲಿ ಬಿಡಲಿ.

ನನ್ನ ದೊಡ್ಡಪ್ಪ ತೀರಿಕೊಂಡಾಗ ಅವರ ಹೆಸರಲ್ಲಿ ಏನು ಮಾಡಿಸುವುದು ಅನ್ನುವ ಪ್ರಶ್ನೆ ಬಂತು. ಗುಡಿ ನಮ್ಮ ಕೈಲಾಗದ್ದು. ಫ್ಯಾನಿನ ಬಗ್ಗೆ ನನ್ನ ಅಭಿಪ್ರಾಯ ಹೇಳಿದ್ದೇನೆ. ಬೆಂಗಳೂರಲ್ಲಿ ಓದು ಮುಗಿಸಿ ಕಂಪನಿ ಸೇರಿರುವ ನನ್ನ ಮಗಳು ಒಂದು ದಾರಿ ತೋರಿಸಿದಳು. “ಅಪ್ಪ, ಫಾರಿನ್‌ನಲ್ಲಿ ತೀರಿಕೊಂಡವರ ಹೆಸರಲ್ಲಿ ಓಡ್ತಾರೆ. ನೀನು ಟ್ರಯಥ್ಲಾನ್ ಮಾಡು. ಅದೂ ಆಫ್‌ರೋಡ್.”

ನನಗೆ ಐವತ್ತು ದಾಟಿದೆ. ಆನ್‌ರೋಡಿನಲ್ಲೇ ನಡೆಯುವುದು ಕಷ್ಟ.

ಮೊದಲು ವಿಷಯ ತಿಳಿಯೋಣವೆಂದು ಓದಿಕೊಂಡೆ. ಈಜು, ಸೈಕಲ್ಲು, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ಈಗಿನ ಕಾಲದ ಹುಚ್ಚು ಶುರುವಾದದ್ದು 1974ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ. ಮೂರು ವರ್ಷಕ್ಕೆ ಹವಾಯಿಯಲ್ಲಿ ಒಂದು ಜಗಳ ಹುಟ್ಟಿತು: ಈಜುವವನು ಗಟ್ಟಿಯೋ, ಓಡುವವನು ಗಟ್ಟಿಯೋ, ಸೈಕಲ್ ತುಳಿಯುವವನು ಗಟ್ಟಿಯೋ? ನಮ್ಮಲ್ಲಾಗಿದ್ದರೆ ಇಂಥ ಜಗಳ ಅರಳಿಕಟ್ಟೆಯಲ್ಲಿ ಹುಟ್ಟಿ ಟೀ ಅಂಗಡಿಯಲ್ಲಿ ಸಾಯುತ್ತಿತ್ತು. ಅಲ್ಲಿ ಜಾನ್ ಕಾಲಿನ್ಸ್ ಎಂಬ ನೌಕಾಪಡೆಯ ಅಧಿಕಾರಿ ಮೂರನ್ನೂ ಒಟ್ಟಿಗೆ ಇಟ್ಟುಬಿಟ್ಟರು. ಹೆಚ್ಚುಕಡಿಮೆ 4 ಕಿ.ಮೀ. ಸಮುದ್ರದಲ್ಲಿ ಈಜು, 180 ಕಿ.ಮೀ. ಸೈಕಲ್ಲು, ಕೊನೆಗೆ 42 ಕಿ.ಮೀ. ಓಟ. 1978ರ ಫೆಬ್ರವರಿ 18ರಂದು 15 ಜನ ಹೊರಟರು, 12 ಜನ ಮುಟ್ಟಿದರು. ಎರಡನೆಯವನಾಗಿ ಬಂದ ಜಾನ್ ಡನ್‌ಬಾರ್‌ಗೆ ದಾರಿಯಲ್ಲಿ ನೀರು ಮುಗಿದು, ಜೊತೆಗಿದ್ದವರು ಬಿಯರ್ ಕುಡಿಸಿದರಂತೆ. ಇದನ್ನು ಓದಿದ ಮೇಲೆ ಆ ಆಟದ ಬಗ್ಗೆ ನನಗೆ ಸ್ವಲ್ಪ ಗೌರವ ಬಂತು.

ಟಾರು ರಸ್ತೆ ಸಾಕಾಗದವರು 1996ರಲ್ಲಿ ಅದೇ ಹವಾಯಿಯ ಮಾವಿ ದ್ವೀಪದಲ್ಲಿ ಕಲ್ಲುಮುಳ್ಳಿನ ಮಾದರಿಯೊಂದನ್ನು ಹುಟ್ಟುಹಾಕಿದರು. ಈಗ ಅದಕ್ಕೆ ಎಕ್ಸ್‌ಟೆರಾ ಅನ್ನುತ್ತಾರೆ. ತೆರೆದ ನೀರಿನಲ್ಲಿ 1.5 ಕಿ.ಮೀ. ಈಜು, ಗುಡ್ಡದ ಕಾಲುದಾರಿಯಲ್ಲಿ 30 ಕಿ.ಮೀ. ಸೈಕಲ್ಲು, ಅಂಥದೇ ದಾರಿಯಲ್ಲಿ 10 ಕಿ.ಮೀ. ಓಟ. ಮಗಳು ನನ್ನ ಹೆಸರು ಬರೆಸಿದ್ದು ಇದೇ ಜಾತಿಯ, ಅದರ ಅರ್ಧ ದೂರದ ಒಂದು ಪಂದ್ಯಕ್ಕೆ. “ಅರ್ಧ ಅಷ್ಟೇ ಅಪ್ಪ” ಅಂದಳು, ಅರ್ಧ ತೋಲ ಚಿನ್ನ ಕೇಳುವ ದನಿಯಲ್ಲಿ.

ದೂರಗಳ ಪಟ್ಟಿ ನೋಡುತ್ತಾ ಹೋದಂತೆ ನನಗೆ ಹೊಳೆದದ್ದು ಬೇರೆ. ಇದನ್ನೆಲ್ಲ ನಮ್ಮ ದೊಡ್ಡಪ್ಪ ಮಾಡುತ್ತಿದ್ದರಲ್ಲ!

ದೊಡ್ಡಪ್ಪ ನಮ್ಮೂರ ಕೆರೆಯ ನೀರುಗಂಟಿ. ಹಳೆಯ ಲೆಕ್ಕದಲ್ಲಿ ಊರಿಗೆ ಹನ್ನೆರಡು ಮಂದಿ ಆಯಗಾರರು, ಅವರಲ್ಲಿ ನೀರುಗಂಟಿಯೂ ಒಬ್ಬ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲಿನ ಕಾಳು ಅಳೆದು ಕೊಡಬೇಕು. ಕೆಲಸ ಹೇಳಲು ಸುಲಭ: ಕೆರೆ ನೀರನ್ನು ಎಲ್ಲರ ಗದ್ದೆಗೂ ಹಂಚುವುದು. ಆದರೆ ತೂಬು ಇರುವುದು ಏರಿಯ ಮೇಲಲ್ಲ, ಏರಿಯಿಂದಾಚೆ ನೀರೊಳಗೆ. ಎರಡು ಕಲ್ಲುಕಂಬ, ನಡುವೆ ಅಡ್ಡಗಲ್ಲು, ಅದರ ತೂತಿನಲ್ಲಿ ಇಳಿಬಿಟ್ಟ ಉದ್ದನೆ ಗಳು, ಗಳುವಿನ ತುದಿಗೆ ಕೆಳಗಿನ ಕಂಡಿ ಮುಚ್ಚುವ ಬಿರಡೆ. ಕೆರೆ ತುಂಬಿದ ವರ್ಷ ಕಂಬದ ತಲೆ ಮಾತ್ರ ಕಾಣುತ್ತಿತ್ತು. ದೊಡ್ಡಪ್ಪ ಚಡ್ಡಿಯಲ್ಲಿ ಅಲ್ಲಿಗೆ ಈಜಿ, ಅಡ್ಡಗಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಲ್ಲಿ ಗಳು ಹಿಡಿದು ಒಂದು ಗೇಣು ಎತ್ತಿ ಬೆಣೆ ಸಿಕ್ಕಿಸುತ್ತಿದ್ದರು. ಕೆಳಗೆ ನೀರು ಗುಡುಗುಡು ಅನ್ನುವುದು ಏರಿಯ ಮೇಲೆ ನಿಂತ ನಮ್ಮ ಕಾಲಿಗೆ ತಿಳಿಯುತ್ತಿತ್ತು. ತಿರುಗಿ ಈಜಿ ಬಂದು, ಹೆಗಲ ವಸ್ತ್ರ ಹಿಂಡಿ ತಲೆಗೆ ಸುತ್ತಿ, ಅಟ್ಲಾಸ್ ಸೈಕಲ್ಲಿನ ಕ್ಯಾರಿಯರಿಗೆ ಗುದ್ದಲಿ ಸಿಕ್ಕಿಸಿ ಕಾಲುವೆ ದಾರಿಯಲ್ಲಿ ಹೊರಡುವುದು. ನೀರಿನ ಜೊತೆಗೇ ಹೋಗಬೇಕು. ನಡುವೆ ಯಾರಾದರೂ ಕದ್ದು ಮಡೆ ಒಡೆದುಕೊಂಡಿದ್ದರೆ ಸೈಕಲ್ಲು ಬಿಸಾಡಿ, ಗದ್ದೆ ಬದುವಿನ ಮೇಲೆ ಓಟ. ಕೊನೇ ಗದ್ದೆಯವನ ಬಾಯಿ ಮುಚ್ಚಿಸುವವರೆಗೂ ಮುಗಿಯುವಂತಿಲ್ಲ. ಈಜು, ಸೈಕಲ್ಲು, ಓಟ. ಅನುಕ್ರಮವೂ ಹವಾಯಿಯದೇ. ಹವಾಯಿಯಲ್ಲಿ ಓಡುವವನಿಗೆ ಎದುರಿನಿಂದ ಬೈಗುಳ ಬರುವುದಿಲ್ಲ ಅನ್ನುವುದಷ್ಟೇ ವ್ಯತ್ಯಾಸ.

ನನಗೆ ಈಜು ಕಲಿಸಿದ್ದೂ ಅವರೇ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿ ಜೋಡಿಸಿ ಹೊಟ್ಟೆಗೆ ಕಟ್ಟಿ ಕೆರೆಗೆ ನೂಕಿದರು. ಸ್ವಲ್ಪ ದಿನಕ್ಕೆ ಒಂದೇ ಕಾಯಿ. ಆಮೇಲೆ ಬರೀ ಹಗ್ಗ. ತಿಪಟೂರು ಕೊಬ್ಬರಿ ಮಾರುಕಟ್ಟೆಗೆ ಹೋಗಬೇಕಾದ ಕಾಯಿಗಳು ಎಷ್ಟು ಮಕ್ಕಳನ್ನು ದಡ ಸೇರಿಸಿವೆಯೋ! ಟ್ರಯಥ್ಲಾನ್ ಬಗ್ಗೆ ಓದುವಾಗ ಮಗನನ್ನು ದಡ ಸೇರಿಸಿದ ಇನ್ನೊಬ್ಬರೂ ಸಿಕ್ಕಿದ್ದರು. ಡಿಕ್ ಹಾಯ್ಟ್ ಎಂಬ ಅಮೆರಿಕದ ತಂದೆ, ಕೈಕಾಲು ಸ್ವಾಧೀನವಿಲ್ಲದ ಮಗ ರಿಕ್‌ನನ್ನು ಪುಟ್ಟ ದೋಣಿಯಲ್ಲಿ ಕೂರಿಸಿ, ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ಈಜಿದ, ಸೈಕಲ್ಲಿನ ಮುಂದೆ ಕೂರಿಸಿ ತುಳಿದ, ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಓಡಿದ ಕತೆ ಓದಿದಾಗ ಗಂಟಲು ಕಟ್ಟಿತು. 1977ರಿಂದ ಶುರುಮಾಡಿ ಸಾವಿರಕ್ಕೂ ಹೆಚ್ಚು ಓಟ. ತಂದೆ 2021ರಲ್ಲಿ ಹೋದರು, ಮಗ 2023ರಲ್ಲಿ. ಬದುಕಿರುವವರ ಹೆಸರಲ್ಲೇ ಓಡುವುದು ಲೇಸು, ಅವರಿಗೂ ಸ್ವಲ್ಪ ಗಾಳಿ ಬಡಿಯುತ್ತದೆ.

ಅಭ್ಯಾಸಕ್ಕೆಂದು ಊರಿಗೆ ಬಂದೆ. ಮಗಳ ಸ್ನೇಹಿತನೊಬ್ಬ ಕೊಟ್ಟ ಗೇರ್ ಸೈಕಲ್ಲಿನ ಬೆಲೆ ಕೇಳಿದ ನಮ್ಮೂರವರು, ಅಷ್ಟಕ್ಕೆ ಬೂಕನಬೆಟ್ಟದ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಬರುತ್ತದೆ, ಅವು ಸಗಣಿಯನ್ನಾದರೂ ಹಾಕುತ್ತವೆ ಎಂದರು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. “ಕಳ್ಳರು ಬಿಚ್ಕೊಂಡು ಹೋಗಿರಬೇಕು” ಅಂತ ಒಬ್ಬರು ಮರುಗಿದರು. ಬಿಗಿಯಾದ ಈಜುಡುಪು ತೊಟ್ಟು ಏರಿಯ ಮೇಲೆ ನಿಂತ ದಿನ ಮೇಯುತ್ತಿದ್ದ ಎಮ್ಮೆಗಳು ತಲೆಯೆತ್ತಿ ನೋಡಿದವು. ನಾನು ನೀರಿಗಿಳಿದ ಮೇಲೂ ಅವು ಮತ್ತೆ ಹುಲ್ಲಿಗೆ ಬಾಯಿ ಹಾಕಲಿಲ್ಲ.

ಕೆರೆಯಲ್ಲಿ ಈಗ ತೂಬಿನ ಕಂಬ ಒಂದಿದೆ, ಕೆಲಸ ಇಲ್ಲ. ಮೊದಲು ಬೋರ್‌ವೆಲ್ ಬಂತು, ಗದ್ದೆ ಹೋಗಿ ತೆಂಗಿನ ತೋಟವಾಯಿತು, ತೆಂಗಿಗೆ ನುಸಿ ಬಂತು. ನೀರು ಸಾವಿರ ಅಡಿ ಕೆಳಗಿನಿಂದ ಬರುವಾಗ ನೀರುಗಂಟಿಯನ್ನು ಯಾರು ಕೇಳುತ್ತಾರೆ? ಗೊರೂರಿನಿಂದ ಬರುವ ಹೇಮಾವತಿ ನಾಲೆ ನಮ್ಮ ತಾಲ್ಲೂಕನ್ನು ದಾಟಿಕೊಂಡು, ಬಾಗೂರು–ನವಿಲೆ ಸುರಂಗದಲ್ಲಿ ನೆಲದಡಿಯಲ್ಲೇ ನುಸುಳಿ ತುಮಕೂರಿನ ಕಡೆ ಹೋಗುತ್ತದೆ. ನಮ್ಮ ನೆಲದ ಕೆಳಗೇ ಹೋಗುವ ನೀರಿಗಾಗಿ ನಮ್ಮವರೇ ಧರಣಿ ಕೂರಬೇಕಾಗುತ್ತದೆ. ದೊಡ್ಡಪ್ಪ ಕೊನೆಕೊನೆಗೆ ಏರಿಯ ಮೇಲೆ ಸುಮ್ಮನೆ ಒಂದು ಸುತ್ತು ಸೈಕಲ್ಲು ತಳ್ಳಿಕೊಂಡು ಹೋಗಿ ಬರುತ್ತಿದ್ದರು. ಗುದ್ದಲಿ ಮಾತ್ರ ಕ್ಯಾರಿಯರಿನಲ್ಲಿ ಹಾಗೇ ಇರುತ್ತಿತ್ತು.

ದೊಡ್ಡಮ್ಮನಿಗೆ ವಿಷಯ ತಿಳಿಸಲೇಬೇಕಿತ್ತು. ಹೇಳಿದೆ. ಅಡಕೆ ಕತ್ತರಿಸುತ್ತಿದ್ದವರು ಕತ್ತರಿ ನಿಲ್ಲಿಸಿದರು.

“ನಿಮ್ಮ ದೊಡ್ಡಪ್ಪ ನೀರಿಗೆ ಬೀಳ್ತಿದ್ದುದು ತೂಬು ಎತ್ತಕ್ಕೆ. ನೀನು ಯಾವ ತೂಬು ಎತ್ತಕ್ಕೆ ಬೀಳ್ತೀಯ ಮಗ?”

“ತೂಬಿಲ್ಲ ದೊಡ್ಡಮ್ಮ. ಆ ಕಡೆ ಒಂದು ಬೆಲೂನು ಕಟ್ಟಿರ್ತಾರೆ. ಅದನ್ನ ಸುತ್ಕೊಂಡು ಬರೋದು.”

“ಬಂದು?”

“ಸೈಕಲ್ ತುಳಿಯೋದು. ಆಮೇಲೆ ಓಡೋದು.”

“ಯಾರ್ ಮಡೆ ಒಡೆದವ್ರೆ ಅಂತ?”

ಉತ್ತರ ಇರಲಿಲ್ಲ. ಇದಕ್ಕೆ ಎಷ್ಟು ಕೊಡುತ್ತಾರೆ ಅಂತ ಕೇಳಿದರು. ಕೊಡುವುದಿಲ್ಲ, ನಾವೇ ಫೀಸು ಕಟ್ಟಬೇಕು ಅಂದೆ. ಎಷ್ಟು ಅಂತ ಹೇಳಿದೆ. ದೊಡ್ಡಮ್ಮ ಮತ್ತೆ ಅಡಕೆ ಕತ್ತರಿಸತೊಡಗಿದರು, ಮೊದಲಿಗಿಂತ ಜೋರಾಗಿ.

ಪಂದ್ಯದ ದಿನ ಬೆಳಗಿನ ಜಾವ ಕಾಲಿಗೊಂದು ಪಟ್ಟಿ ಕಟ್ಟಿದರು. ಅದರಲ್ಲಿ ಚಿಪ್ಪು ಇದೆಯಂತೆ, ನಾವು ಎಲ್ಲಿದ್ದೇವೆ ಅಂತ ಕಂಪ್ಯೂಟರಿಗೆ ಹೇಳುತ್ತದೆ. ದನಗಳ ಕಿವಿಗೆ ಸರ್ಕಾರ ಹಾಕಿಸುವ, ಹನ್ನೆರಡು ಅಂಕಿಯ ಹಳದಿ ಓಲೆಯ ನೆನಪಾಯಿತು. ಎದೆಯ ಮೇಲಿನ ನಂಬರು ಚೀಟಿಯಲ್ಲಿ ‘ಇವರ ನೆನಪಿಗಾಗಿ’ ಅಂತ ಒಂದು ಸಾಲು. ಅರ್ಜಿಯಲ್ಲಿ ಆ ಜಾಗದಲ್ಲಿ ಮಗಳು ‘ದೊಡ್ಡಪ್ಪ’ ಅಂತ ಇಂಗ್ಲಿಷಿನಲ್ಲಿ ತುಂಬಿದ್ದಳು.

ಈಜಿನಲ್ಲಿ ನಾನು ಕೆಟ್ಟವನಲ್ಲ. ಈಜುಕೊಳದಲ್ಲಿ ಕಲಿತು ಬಂದ ಹುಡುಗರು ತಳ ಕಾಣದ ನೀರಿಗೆ ಬೆದರಿ, ಪಾಚಿ ಸೋಕಿದರೆ ಚೀರುತ್ತಿದ್ದಾಗ ನಾನು ಕೆರೆ ಈಜು ಹೊಡೆದು ಬೆಲೂನು ಸುತ್ತಿ ಬಂದೆ. ಆಮೇಲೆ ಕಷ್ಟಕಾಲ. ಬಟ್ಟೆ ಬದಲಿಸುವುದಕ್ಕೂ ಅಲ್ಲಿ ಗಡಿಯಾರ ಓಡುತ್ತದೆ. ಅದನ್ನೇ ನಾಲ್ಕನೇ ಪಂದ್ಯ ಅನ್ನುವುದುಂಟು. ಒದ್ದೆ ಕಾಲಿಗೆ ಕಾಲುಚೀಲ ಏರಿಸುವಷ್ಟರಲ್ಲಿ, ಪಾಚಿಗೆ ಚೀರಿದ್ದವರೆಲ್ಲ ನನ್ನನ್ನು ದಾಟಿ ಹೋದರು. ವಸ್ತ್ರ ಹಿಂಡಿ ತಲೆಗೆ ಸುತ್ತಿಕೊಂಡು ಹೊರಡುತ್ತಿದ್ದ ದೊಡ್ಡಪ್ಪ ಈ ನಾಲ್ಕನೆಯದರಲ್ಲಿ ಯಾವ ದೇಶದವರಿಗೂ ಸೋಲುತ್ತಿರಲಿಲ್ಲ.

ಸೈಕಲ್ ದಾರಿ ಕೊರಕಲು, ಜಾಲಿಮುಳ್ಳು, ಕೆಸರು. ಇಳಿಜಾರಿನಲ್ಲಿ ಚೈನು ಕಳಚಿತು, ನಾನು ಲಂಟಾನ ಪೊದೆಗೆ ಹೋದೆ, ಸೈಕಲ್ಲು ತನ್ನ ಪಾಡಿಗೆ ಮುಂದೆ ಹೋಗಿ ನಿಂತಿತು. ಅಲ್ಲಿ ನಿಂತಿದ್ದ ಸ್ವಯಂಸೇವಕ ಹುಡುಗಿ “ಸೂಪರ್ ಅಂಕಲ್!” ಎಂದು ಚಪ್ಪಾಳೆ ತಟ್ಟಿದಳು. ಪೊದೆಯಲ್ಲಿ ಬಿದ್ದವನು ಹೇಗೆ ಸೂಪರ್ ಎಂದು ವಾದ ಮಾಡುವ ಹೊತ್ತಲ್ಲ. ಓಟವನ್ನು ಬಹಳಷ್ಟು ನಡೆದೇ ಮುಗಿಸಿದೆ. ಗುರಿಯ ಬಳಿ ಬಂದಾಗ ಗಾಳಿ ತುಂಬಿದ ಸ್ವಾಗತ ಕಮಾನಿನ ಗಾಳಿ ಬಿಡಲು ಶುರುಮಾಡಿದ್ದರು. ಅದು ಪೂರ್ತಿ ಮಲಗುವ ಮೊದಲು ಬಗ್ಗಿ ನುಸುಳಿದೆ. ಮೈಕಿನವನು ಎದೆಯ ಚೀಟಿ ನೋಡಿ ಉತ್ಸಾಹದಿಂದ ಕೂಗಿದ: “ಅಂಡ್ ಹಿಯರ್ ಕಮ್ಸ್ ಮಿಸ್ಟರ್ ದೊಡ್ಡಪ್ಪ!”

ಮನೆಗೆ ಬಂದ ಸರ್ಟಿಫಿಕೇಟಿನಲ್ಲೂ ಅದೇ. ಹೆಸರು: ದೊಡ್ಡಪ್ಪ. ವಿಭಾಗ: ಪುರುಷರು, ಐವತ್ತರ ಮೇಲೆ. ಅಷ್ಟೂ ದೂರ ನಾನು ಒದ್ದಾಡಿದ್ದಕ್ಕೆ ಎಲ್ಲೂ ದಾಖಲೆಯಿಲ್ಲ. ಪಂದ್ಯ ಮುಗಿಸಿದವರು ನಮ್ಮ ದೊಡ್ಡಪ್ಪ. ತಿದ್ದಿಸುತ್ತೇನೆ ಅಂತ ಮಗಳು ಹೊರಟಳು, ನಾನೇ ಬೇಡವೆಂದೆ.

ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ. ದೊಡ್ಡಪ್ಪನ ಫೋಟೊ ಮುಂದೆ ಹೊಸ ಪಂಚೆ, ಮುದ್ದೆ, ನಾಟಿಕೋಳಿ ಸಾರು, ಕಜ್ಜಾಯ, ಒಂದು ಕಟ್ಟು ಬೀಡಿ ಇಟ್ಟು ಎಡೆ ಮಾಡಿದ್ದರು. ಪಕ್ಕದಲ್ಲಿ ನಾನು ಸರ್ಟಿಫಿಕೇಟು, ಪದಕ, ಉಳಿದಿದ್ದ ಶಕ್ತಿವರ್ಧಕ ಜೆಲ್ಲಿನ ಪೊಟ್ಟಣ ಇಟ್ಟೆ. ಊಟವಾದ ಮೇಲೆ ದೊಡ್ಡಮ್ಮ ಪೊಟ್ಟಣ ಹರಿದು ನಾಲಗೆಗೆ ಹಚ್ಚಿಕೊಂಡು ಮುಖ ಕಿವುಚಿದರು. ಮೊಮ್ಮಗಳ ಕೈಲಿ ಸರ್ಟಿಫಿಕೇಟು ಓದಿಸಿದರು. ಗಂಡನ ಹೆಸರಿಗೆ ತಲೆಯಾಡಿಸಿದರು.

“ಎಷ್ಟನೇದು ಬಂದವ್ರೆ?”

“ಕೊನೆಯಿಂದ ಎರಡನೇದು, ಅಜ್ಜಿ.”

ದೊಡ್ಡಮ್ಮ ನನ್ನ ಕಡೆ ತಿರುಗಿದರು. “ಅಲ್ಲ ಕಣ್ಲಾ, ಬದುಕಿರೋಗಂಟ ಅವ್ರು ಒಬ್ರಿಗೂ ದಾರಿ ಬಿಟ್ಟೋರಲ್ಲ. ಸತ್ತ ಮೇಲೆ ಇಂಥದ್ದು ಬರೆಸ್ಕೊಂಡು ಬಂದಿದ್ದೀಯಲ್ಲ! ಪಹಣೀಲಿ ತಪ್ಪಾದ್ರೆ ತಾಲ್ಲೂಕು ಆಫೀಸಿಗೆ ಅಲೆದು ತಿದ್ದಿಸಲ್ವಾ? ಮುಂದಿನ ಸಲ ಹೋಗಿ ತಿದ್ದಿಸ್ಕೊಂಡು ಬಾ. ಫೀಸು ನಾನ್ ಕೊಡ್ತೀನಿ, ಕಾಯಿ ಮಾರಿದ ದುಡ್ಡೈತೆ. ಗೆಲ್ತೀನಿ ಅನ್ನೋ ಧೈರ್ಯ ಇದ್ರೆ ಅವ್ರ ಹೆಸರು ಹಾಕ್ಸು. ಇಲ್ದಿದ್ರೆ ನಿನ್ ಹೆಸರನ್ನೇ ಹಾಕಿಸ್ಕೊ.”