ಟಿಕೆಟ್ ಮಾರುವ ಮಹಾಶಯರಿಗೆ ಹಳೇಬೀಡಿನಿಂದೊಂದು ಅರಿಕೆ

ಸಂಗೀತ ಕಚೇರಿಗಳಿಗೆ ಮುಂಗಡ ಟಿಕೆಟ್ ಮಾರುವ ಬೆಂಗಳೂರಿನ ಸಂಸ್ಥೆಯೊಂದರ ವ್ಯವಸ್ಥಾಪಕ ಮಹಾಶಯರ ಸನ್ನಿಧಿಗೆ, ಹಳೇಬೀಡಿನ ಸಂಗೀತಾಭಿಮಾನಿಯೊಬ್ಬನ ವಿನಯಪೂರ್ವಕ ವಿಜ್ಞಾಪನೆ.

ತಾವು ಕ್ಷೇಮವೆಂದು ಭಾವಿಸುತ್ತೇನೆ; ನನ್ನ ಹಣ ತಮ್ಮಲ್ಲಿ ಕ್ಷೇಮವಾಗಿರುವುದಂತೂ ನಿಶ್ಚಯ. ಟಿಕೆಟಿನ ಬೆಲೆಯನ್ನೂ, ಅದರ ಮೇಲೆ ಅನುಕೂಲ ಶುಲ್ಕವೆಂಬುದನ್ನೂ, ಅದರ ಮೇಲೆ ಮನೆಬಾಗಿಲಿಗೆ ತಲುಪಿಸುವ ಶುಲ್ಕವನ್ನೂ ತಾವು ಎವೆಯಿಕ್ಕುವಷ್ಟರಲ್ಲಿ ಸ್ವೀಕರಿಸಿದಿರಿ. ಆ ಚುರುಕಿನ ಶತಾಂಶವಾದರೂ ಟಿಕೆಟಿಗೆ ದೊರೆತಿದ್ದರೆ ಈ ಪತ್ರಕ್ಕೆ ಅವಕಾಶವಿರುತ್ತಿರಲಿಲ್ಲ.

‘ರವಾನೆಯಾಗಿದೆ’ ಎಂಬ ಸಂದೇಶವೇನೋ ದಿನವೂ ಬರುತ್ತಿದ್ದಿತು. ಕಡೆಗೊಮ್ಮೆ ಅರಸೀಕೆರೆಯಿಂದ ಕೊರಿಯರಿನ ಹುಡುಗ ಫೋನು ಮಾಡಿ, “ಹಳೇಬೀಡಿಗೆ ನಮ್ಮ ಸರ್ವಿಸ್ ಇಲ್ಲ ಸಾರ್, ನೀವೇ ಬಂದು ತಗೊಂಡ್ ಹೋಗಿ” ಎಂದು ಅಪ್ಪಣೆ ಕೊಡಿಸಿದನು. ಹುಬ್ಬಳ್ಳಿಯ ಹಾದಿಯೂ ಹಾಸನದ ಹಾದಿಯೂ ಕೂಡುವ ರೈಲು ಜಂಕ್ಷನ್ ಅರಸೀಕೆರೆ. ಅಲ್ಲಿಯ ಮಂಡಿಯಿಂದ ಕೊಬ್ಬರಿ ಮೂಟೆಗಳು ಉತ್ತರದೇಶದವರೆಗೆ ಪಯಣಿಸುತ್ತವೆ. ಆದರೆ ಒಂದು ತೆಳ್ಳನೆಯ ಲಕೋಟೆಗೆ ಜಾವಗಲ್ಲಿನ ಬಸ್ಸು ಹತ್ತುವ ಶಕ್ತಿ ಇಲ್ಲವಾಯಿತು. ಬೆಂಗಳೂರಿನ ಸಂಗೀತ ಕಚೇರಿಯಿದ್ದದ್ದು ಭಾನುವಾರ ಸಂಜೆ. ಫೋನು ಬಂದದ್ದು ಶನಿವಾರ ರಾತ್ರಿ. ಭಾನುವಾರ ಕೊರಿಯರ್ ಅಂಗಡಿಗೆ ರಜೆ. ದ್ವಾರದಲ್ಲಿ ಮುದ್ರಿತ ಟಿಕೆಟನ್ನೇ ತೋರಿಸತಕ್ಕದ್ದೆಂಬ ನಿಯಮವೂ ತಮ್ಮದೇ ಆದುದರಿಂದ, ಬೆಂಗಳೂರಿಗೆ ಹೋಗುವ ರೈಲು, ನನ್ನ ಟಿಕೆಟು ಎರಡೂ ಅರಸೀಕೆರೆಯಲ್ಲಿರಲಾಗಿ ನಾನು ಮಾತ್ರ ಮನೆಯಲ್ಲಿ ಉಳಿದೆನು. ಹಳೇಬೀಡಿನಲ್ಲೂ ಅಂಚೆ ಕಚೇರಿಯಿದೆ, ಸ್ಪೀಡ್ ಪೋಸ್ಟ್ 1986ರಿಂದಲೂ ನಡೆದುಬಂದಿದೆ ಎಂಬ ಸಂಗತಿ ತಮ್ಮ ಕಿವಿಗೆ ಬಿದ್ದಿಲ್ಲವೆಂದು ತೋರುತ್ತದೆ.

ದೂರಿಕೊಂಡಾಗ ತಮ್ಮ ಕಡೆಯವರು ತಾಳ್ಮೆಯಿಂದಿರಲು ಬೋಧಿಸಿದರು. ಹಳೇಬೀಡಿನವನಿಗೆ ತಾಳ್ಮೆಯ ಪಾಠವೇ, ಸ್ವಾಮಿ! 1121ರ ಸುಮಾರಿಗೆ ಆರಂಭವಾದ ನಮ್ಮ ಹೊಯ್ಸಳೇಶ್ವರ ದೇವಾಲಯಕ್ಕೆ ಇಂದಿಗೂ ಶಿಖರವಿಲ್ಲ. ಅದಕ್ಕಾಗಿ ನಾವು ಯಾರ ಮೇಲೂ ದೂರು ಹೇಳಿದವರಲ್ಲ, ಏಕೆಂದರೆ ಹೊಯ್ಸಳ ದೊರೆ ವಿಷ್ಣುವರ್ಧನನು ನಮ್ಮಿಂದ ಮುಂಗಡ ಪಡೆದಿರಲಿಲ್ಲ. ಅವನೇ 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವಾಲಯದ ಮದನಿಕೆಯರು ಸೂರಿನಡಿಯಲ್ಲಿ ವಾದ್ಯ ಹಿಡಿದು, ಹೆಜ್ಜೆ ಹಾಕಿ, ಒಂಬೈನೂರು ವರ್ಷಗಳಿಂದ ಬಂದವರಿಗೆಲ್ಲ ದರ್ಶನ ಕೊಡುತ್ತಿದ್ದಾರೆ. 2023ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೂ ಅವರು ಅನುಕೂಲ ಶುಲ್ಕ ಕೇಳಿಲ್ಲ. ವಿಷ್ಣುವರ್ಧನನ ಪಟ್ಟಮಹಿಷಿ ಶಾಂತಲೆಯನ್ನು ಗೀತ ವಾದ್ಯ ನೃತ್ಯಗಳಲ್ಲಿ ನಿಪುಣೆಯೆಂದು ಶಾಸನಗಳು ಕೊಂಡಾಡುತ್ತವೆ. ಆಕೆಯ ನೃತ್ಯ ನೋಡಹೊರಟ ಪ್ರಜೆಯೊಬ್ಬನ ಓಲೆ ಅರಸೀಕೆರೆಯಲ್ಲಿ ಸಿಕ್ಕಿಕೊಂಡಿತೆಂದು ಮಾತ್ರ ನಾನು ಕಂಡ ಯಾವ ಶಾಸನವೂ ಹೇಳುವುದಿಲ್ಲ.

‘ಮಾರಿದ ಟಿಕೆಟಿಗೆ ಹಣ ವಾಪಸಿಲ್ಲ’ ಎಂಬ ತಮ್ಮ ಷರತ್ತನ್ನು ಓದಿದ್ದೇನೆ. ಬಹಳ ಸಣ್ಣ ಅಕ್ಷರ, ಕನ್ನಡಕ ಬೇಕಾಯಿತು. ತಾವೂ ಕನ್ನಡಕ ಧರಿಸಿ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನು ತಿರುವಿಹಾಕುವಿರಾದರೆ, ಸೇವೆಯ ನ್ಯೂನತೆಗಾಗಿ ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದೆಂಬುದು ತಿಳಿದುಬರುತ್ತದೆ. ಐದು ಲಕ್ಷ ರೂಪಾಯಿಯೊಳಗಿನ ವ್ಯವಹಾರವಾದರೆ ದೂರಿಗೆ ಶುಲ್ಕವೂ ಇಲ್ಲ. ಬೆಂಗಳೂರಿಗೆ ನಾನು ಬರಲಾಗದಿದ್ದರೂ ನಮ್ಮ ಜಿಲ್ಲಾ ಕೇಂದ್ರವಾದ ಹಾಸನಕ್ಕೆ ತಾವು ಬರಬೇಕಾದೀತು. ಊರು ಚೆನ್ನಾಗಿದೆ, ಹವೆಯೂ ತಂಪು.

ಆದಕಾರಣ ಟಿಕೆಟಿನ ಬೆಲೆ, ಎರಡು ಶುಲ್ಕಗಳು, ಈ ಮೂರು ಮೊತ್ತಗಳನ್ನೂ ಕೂಡಲೇ ಹಿಂದಿರುಗಿಸಬೇಕಾಗಿ ಪ್ರಾರ್ಥನೆ. ಹಣವನ್ನು ದಯಮಾಡಿ ನನ್ನ ಬ್ಯಾಂಕ್ ಖಾತೆಗೇ ಹಾಕಿ. ಚೆಕ್ ಬರೆದು ಕೊರಿಯರಿಗೆ ಕೊಡಬೇಡಿ.