ಸವಾರಭಾರ ಮೀಮಾಂಸೆ

ಗಾಳಿಪಟದ ಹಗ್ಗ ಹಿಡಿದು, ಕಾಲಿಗೆ ಹಲಗೆ ಕಟ್ಟಿಕೊಂಡು ನೀರಿನ ಮೇಲೆ ಜಾರುವ ವಿದ್ಯೆಗೆ ಕೈಟ್‌ಬೋರ್ಡಿಂಗ್ ಎಂದು ಹೆಸರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇದಕ್ಕೆ ಮೊದಲ ಸಲ ಪದಕ ಕೊಟ್ಟರು. ಪ್ಯಾರಿಸ್ಸಿಗೆ ಕಡಲಿಲ್ಲವಾದ್ದರಿಂದ ಸ್ಪರ್ಧೆಯನ್ನು ಮಾರ್ಸೇಲ್‌ನಲ್ಲಿ ನಡೆಸಿದರು. ನಮ್ಮ ದೇಶದಲ್ಲಿ ಇದನ್ನು ಕಲಿಯಬೇಕೆಂದರೆ ರಾಮೇಶ್ವರದಂಥ ಕಡಲ ಊರಿಗೆ ಹೋಗಬೇಕು. ತಮಿಳುನಾಡಿನ ಧರ್ಮಪುರಿ, ಸೇಲಂ ಜಿಲ್ಲೆಗಳಿಗೂ ಕಡಲಿಲ್ಲ. ಪ್ಯಾರಿಸ್ಸಿಗೆ ಅಡ್ಡ ಬಾರದ ಕೊರತೆ ಧರ್ಮಪುರಿಗೇಕೆ ಅಡ್ಡ ಬರಬೇಕು ಎಂಬ ಪ್ರಶ್ನೆಯಿಂದಲೇ ಪ್ರಸ್ತುತ ಶಾಸ್ತ್ರ ಹುಟ್ಟಿದೆ.

ಮೊದಲು ಪೂರ್ವಪಕ್ಷ. ಕಡಲವರ ಮತದಂತೆ ಸವಾರ ಭಾರವಾದಷ್ಟೂ ಹಲಗೆ ದೊಡ್ಡದಿರಬೇಕು. ಗಾಳಿ ಮಂದವಾದರೆ ಹಲಗೆಯೂ ಪಟವೂ ಹಿಗ್ಗಬೇಕು, ಬಿರುಸಾದರೆ ಎರಡೂ ಕುಗ್ಗಬೇಕು. 75 ಕಿಲೋ ಆಸಾಮಿಗೆ ಹದವಾದ ಗಾಳಿಯಲ್ಲಿ ಸುಮಾರು 138 ಸೆಂ.ಮೀ. ಉದ್ದದ ಹಲಗೆ, 12 ಚದರ ಮೀಟರಿನ ಪಟ ಸಾಕು. ಕೇಳಲು ಚೆನ್ನಾಗಿದೆ. ಆದರೆ ಈ ಮತದ ಬುಡದಲ್ಲೇ ಒಂದು ದೋಷವಿದೆ: ಹಲಗೆಯನ್ನು ಸವಾರ ಆರಿಸುತ್ತಾನೆ ಎಂದು ಅದು ನಂಬಿದೆ. ಧರ್ಮಪುರಿ ಜಿಲ್ಲೆಯಲ್ಲಿ, ಕಾವೇರಿಯ ದಡದ ಹೊಗೇನಕಲ್ಲಿನಲ್ಲಿ ಸವಾರನನ್ನು ಆರಿಸುವವನು ಅಂಬಿಗ.

ಇಲ್ಲಿಯ ಹಲಗೆ ಗುಂಡಗಿದೆ. ನಾವು ಹರಿಗೋಲು ಅನ್ನುತ್ತೇವೆ, ತೆಪ್ಪ ಅಂತಲೂ ಅನ್ನುತ್ತೇವೆ. ತಮಿಳರು ಪರಿಸಲ್ ಅನ್ನುತ್ತಾರೆ. ಬಿದಿರ ಸೀಳಿನಿಂದ ಹೆಣೆದ ಬುಟ್ಟಿ, ಹಿಂದೆ ತಳಕ್ಕೆ ಚರ್ಮ, ಈಗ ಪ್ಲಾಸ್ಟಿಕ್ ಹಾಳೆ ಮತ್ತು ಟಾರು. ಕೈಟ್‌ಬೋರ್ಡಿನವನಿಗೆ ಹಲಗೆಯ ಅಂಚನ್ನು ನೀರಿಗೆ ಒತ್ತಿ ಗಾಳಿಗೆ ಎದುರಾಗಿ ಸಾಗುವುದೇ ಪರಮ ಪುರುಷಾರ್ಥ. ಹರಿಗೋಲಿಗೆ ಯಾವುದು ಮುಂದು, ಯಾವುದು ಹಿಂದು ಎಂಬ ಭೇದವೇ ಇಲ್ಲ. ಅದು ಮೊದಲಿನಿಂದಲೂ ಅದ್ವೈತಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಯಾತ್ರಿಕ ದೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಇಂಥ ದೋಣಿಗಳನ್ನು ಕಂಡು, ಇವು ನೆಟ್ಟಗೆ ಹೋಗಲಾರವು, ಸದಾ ತಿರುಗುತ್ತಲೇ ಇರುತ್ತವೆ ಎಂದು ಬರೆದ. ಹದಿನೈದು ಇಪ್ಪತ್ತು ಜನ ಹಿಡಿಯುತ್ತಾರೆ, ಬೇಕಾದರೆ ಕುದುರೆ ಎತ್ತುಗಳೂ ದಾಟುತ್ತವೆ ಎಂದೂ ಸೇರಿಸಿದ. ಕುದುರೆಯ ತೂಕವನ್ನು ಮಾತ್ರ ಹೇಳಲಿಲ್ಲ. ಪುರಂದರದಾಸರೂ ಅಷ್ಟೇ. ಅಂಬಿಗನ ಕೀರ್ತನೆಯಲ್ಲಿ ಹರಿಗೋಲಿನ ತೂತುಗಳನ್ನು ಎಣಿಸಿ ಕೊಟ್ಟವರು ಸವಾರನ ಕಿಲೋ ಎಷ್ಟೆಂದು ಕೇಳಲಿಲ್ಲ. ಈ ಐನೂರು ವರ್ಷದ ಲೋಪವನ್ನು ಈಗ ತುಂಬಬೇಕಾಗಿದೆ.

ಏಳು ಅಡಿ ವ್ಯಾಸದ ಹರಿಗೋಲು ಎಂದಿಟ್ಟುಕೊಳ್ಳಿ. ತಳ ಚಪ್ಪಟೆಯೆಂದೂ ಇಟ್ಟುಕೊಳ್ಳಿ. ಶಾಸ್ತ್ರದಲ್ಲಿ ಇಷ್ಟು ಇಟ್ಟುಕೊಳ್ಳುವುದಕ್ಕೆ ಅವಕಾಶವುಂಟು. ತಳದ ವಿಸ್ತೀರ್ಣ ಸುಮಾರು 3.57 ಚದರ ಮೀಟರ್. ಆರ್ಕಿಮಿಡೀಸನ ಕೃಪೆಯಿಂದ, ಪ್ರತಿ 3.57 ಕಿಲೋಗೆ ಅದು ಒಂದು ಮಿಲಿಮೀಟರ್ ಮುಳುಗುತ್ತದೆ. 90 ಕಿಲೋ ಭಾವ ಕಾಲಿಟ್ಟರೆ ಎರಡೂವರೆ ಸೆಂಟಿಮೀಟರ್. 50 ಕಿಲೋ ನಾದಿನಿ ಹತ್ತಿದರೆ 1.4 ಸೆಂಟಿಮೀಟರ್. ದಡದ ಅಂಗಡಿಯಲ್ಲಿ ಹುರಿದ ಮೀನು ಕಾಲು ಕಿಲೋ ತಿಂದು ಬಂದರೆ 0.07 ಮಿಲಿಮೀಟರ್. ಇದು ಅಲಕ್ಷ್ಯ ಮಾಡಬಹುದಾದ ಪ್ರಮಾಣ ಎಂದು ಒಂದು ಪಂಥ. ಕಾಲು ಕಿಲೋಗೆ ಯಾರು ನಿಲ್ಲಿಸಿದ್ದಾರೆ ಎಂದು ಇನ್ನೊಂದು ಪಂಥ.

ಎಷ್ಟು ಮುಳುಗುತ್ತದೆ ಎಂಬುದಕ್ಕಿಂತ ಯಾವ ಕಡೆ ಮುಳುಗುತ್ತದೆ ಎಂಬುದು ಮುಖ್ಯ. ಅಂಬಿಗನ ವಿದ್ಯೆ ಇರುವುದು ಇಲ್ಲಿ. ಅವನ ಹತ್ತಿರ ತಕ್ಕಡಿಯಿಲ್ಲ. ಸಂಸಾರ ಮೆಟ್ಟಿಲಿಳಿದು ಬರುವಾಗಲೇ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ. "ಸಾರ್, ನೀವು ಆ ಕಡೆ. ಅಕ್ಕ, ನೀವು ಈ ಕಡೆ ಬನ್ನಿ. ಪಾಪು ಮಧ್ಯ ಕೂತ್ಕೊಳ್ಲಿ. ಅಣ್ಣಾ, ನೀವು ಇರಿ." 'ಅಣ್ಣಾ, ನೀವು ಇರಿ' ಎನ್ನುವುದು, ಎಲ್ಲರೂ ಹತ್ತಿದ ಮೇಲೆ ಯಾರ ಎದುರಿಗೆ ಭಾರ ಸಾಲದೋ ಅಲ್ಲಿ ಕೊನೆಗೆ ಕೂರಿಸಬೇಕಾದವನಿಗೆ. ಕಡಲ ಶಾಸ್ತ್ರದ ಕೋಷ್ಟಕಗಳು ಇಷ್ಟು ಮರ್ಯಾದೆಯಾಗಿ ಯಾರಿಗೂ ಅವರ ತೂಕ ತಿಳಿಸಿಲ್ಲ. ಆಮೇಲೆ ಒಂದೇ ಹುಟ್ಟು. ಅದನ್ನು ಮುಂದಕ್ಕೆ ಚಾಚಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ, ಬುಟ್ಟಿ ಅವನ ಮಾತು ಕೇಳುತ್ತದೆ. ಬೆಂಗಳೂರಿನ ಹುಡುಗರು ಕೇಳಿಕೊಂಡರೆ ಗಿರಗಿರನೆ ತಿರುಗಿಸಿಯೂ ಕೊಡುತ್ತಾನೆ. ಪಾಯಸ್ ದೋಷವೆಂದು ಬರೆದುಕೊಂಡದ್ದು ಈಗ ಸೇವೆಯಾಗಿದೆ.

ಇನ್ನು ಪಟದ ವಿಚಾರ. ಹರಿಗೋಲಿಗೆ ಪಟವೆಲ್ಲಿ ಎಂದು ಪೂರ್ವಪಕ್ಷಿಗಳು ನಗುತ್ತಾರೆ. ಅವರು ಸವಾರಿ ಮುಗಿಯುವವರೆಗೂ ದಡದಲ್ಲಿ ನಿಲ್ಲುವುದಿಲ್ಲ, ಅದಕ್ಕೇ ಈ ಅಜ್ಞಾನ. ಹೊಳೆಯ ಜೊತೆ ಕೆಳಕ್ಕೆ ಹೋದ ಬುಟ್ಟಿ ತಾನಾಗಿ ಮೇಲಕ್ಕೆ ಬರುವುದಿಲ್ಲ. ಅಂಬಿಗ ಅದನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು ಬಂಡೆಗಳ ಮೇಲೆ ನಡೆದು ಬರುತ್ತಾನೆ. ದೂರದಿಂದ ನೋಡಿದರೆ ಒಂದು ಬುಟ್ಟಿ, ಅದರ ಕೆಳಗೆ ಎರಡು ಕಾಲು. ಆ ಹೊತ್ತಿಗೆ ಅದು 3.57 ಚದರ ಮೀಟರಿನ ಪಟ. ಬಿರುಗಾಳಿಗೆಂದು ಕಡಲವರು ಇಟ್ಟುಕೊಳ್ಳುವ ಅತಿ ಚಿಕ್ಕ ಪಟದಷ್ಟೇ ಅಳತೆ. ಗಂಟೆಗೆ 36 ಕಿ.ಮೀ. ಗಾಳಿ ಅದರ ಬಾಯಿಗೆ ನೇರವಾಗಿ ಬಡಿದರೆ ತಳ್ಳುವ ಬಲ ಇಪ್ಪತ್ತು ಕಿಲೋಗೂ ಮಿಗಿಲು. ಆದ್ದರಿಂದ ಸಿದ್ಧಾಂತ: ನೀರಿನಲ್ಲಿದ್ದರೆ ಹಲಗೆ, ನೆಲದಲ್ಲಿದ್ದರೆ ಪಟ. ಎರಡನ್ನೂ ಬೇರೆ ಬೇರೆ ಕೊಳ್ಳುವ ಕಡಲವರದು ಶುದ್ಧ ದುಂದು. ಈ ಸಿದ್ಧಾಂತವನ್ನು ಅಂಬಿಗರ ಮುಂದಿಟ್ಟರೆ, ಹೊರಲು ಒಂದು ಕೈ ಕೊಡಿ ಎಂದಾರು.

ಸೇಲಂ ಜಿಲ್ಲೆಯ ಮೆಟ್ಟೂರಿನದು ಬೇರೆಯೇ ಪ್ರಕರಣ. 1934ರಲ್ಲಿ ಮುಗಿದ ಅಣೆಕಟ್ಟಿನ ಹಿಂದೆ ನೀರು ಬಯಲಾಗಿ ಹರಡಿದೆ, ಗಾಳಿಗೆ ತಡೆಯಿಲ್ಲ, ಅಲೆಯೇಳುತ್ತದೆ. ಕೈಟ್‌ಬೋರ್ಡಿನವರು ಕಂಡರೆ ಜೊಲ್ಲು ಸುರಿಸುವ ಜಾಗ. ಅಲ್ಲಿ ಹರಿಗೋಲಿನಲ್ಲಿ ಕೂತವರು ಮೀನಿನ ಬಲೆ ಬಿಡುವವರು, ಅವರಿಗೆ ಜಾರುವ ಆಸೆಯಿಲ್ಲ. ಪೂರ್ಣ ಮಟ್ಟ 120 ಅಡಿ. ನೀರು ತೀರಾ ತಗ್ಗಿದ ವರ್ಷ ಪಣ್ಣವಾಡಿಯ ಹತ್ತಿರ ಮುಳುಗಿದ ಗುಡಿಯ ನಂದಿ ತಲೆ ಹೊರಹಾಕುತ್ತಾನೆ. ನಂದಿ ಕಂಡರೆ ಆಳ ಕಡಿಮೆ, ಹಲಗೆ ಚಿಕ್ಕದಿರಲಿ ಎಂದು ಸೂತ್ರ ಬರೆಯಬಹುದಿತ್ತು. ಸವಾರರಿಲ್ಲದ ಕಡೆ ಸೂತ್ರವೇಕೆಂದು ಬಿಟ್ಟಿದ್ದೇನೆ.

ಗಾಳಿಯ ಕಾಲ ಯಾವುದು? ಆಷಾಢ. ಹಳೆ ಮೈಸೂರು ಸೀಮೆಯವರು ಗಾಳಿಪಟ ಹಾರಿಸುವ ತಿಂಗಳು. ದೊಡ್ಡಬಳ್ಳಾಪುರದಲ್ಲಿ ಆಷಾಢ ಏಕಾದಶಿಗೆ ಅದರದೇ ಉತ್ಸವ. ತಮಿಳರ ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರುತ್ತದೆಂದು ಅವರ ಗಾದೆ. ಆದರೆ ಆಡಿ ಹದಿನೆಂಟಕ್ಕೆ, ಅಂದರೆ ಆಗಸ್ಟಿನ ಮೊದಲ ದಿನಗಳಲ್ಲಿ, ಜನ ಹೊಳೆಯನ್ನು ಪೂಜಿಸಲು ಬರುವ ಹೊತ್ತಿಗೆ ಒಳ್ಳೆ ಮಳೆಯ ವರ್ಷವಾದರೆ ಕಬಿನಿ, ಕೃಷ್ಣರಾಜಸಾಗರ ತುಂಬಿ ಬಿಟ್ಟ ನೀರು ರಾಜ್ಯದ ಗಡಿಯ ಬಿಳಿಗುಂಡ್ಲು ದಾಟಿ ಬಂದಿರುತ್ತದೆ. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 2,800 ಟನ್ನಿಗೂ ಹೆಚ್ಚು ನೀರು. ಅದರ ಮುಂದೆ 90 ಕಿಲೋ ಭಾವನಿಗೂ 50 ಕಿಲೋ ನಾದಿನಿಗೂ ಶಾಸ್ತ್ರೀಯವಾಗಿ ವ್ಯತ್ಯಾಸವಿಲ್ಲ. ಜಿಲ್ಲಾಡಳಿತ ಪರಿಸಲ್ ಬಂದ್ ಮಾಡುತ್ತದೆ. ಬೇಸಿಗೆಯಲ್ಲಿ ಬುಟ್ಟಿಯುಂಟು, ಗಾಳಿಯಿಲ್ಲ. ಆಷಾಢದಲ್ಲಿ ಗಾಳಿಯುಂಟು, ಬುಟ್ಟಿಯಿಲ್ಲ. 2018ರ ಫೆಬ್ರವರಿಯಲ್ಲಿ ಕಾವೇರಿ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ನೀರು ಹರಿಯಬೇಕೆಂದು ತೀರ್ಪಿತ್ತಿತು. ಸವಾರರ ತೂಕದ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಹೀಗಾಗಿ ನೀರಿನ ಪಾಲು ಇತ್ಯರ್ಥವಾದರೂ ನಮ್ಮ ಶಾಸ್ತ್ರ ಇತ್ಯರ್ಥವಾಗಲಿಲ್ಲ.

ಆದ್ದರಿಂದ ಓದುಗರಲ್ಲಿ ಅರಿಕೆ. ಹೊಗೇನಕಲ್ಲಿಗೆ ಹೊರಡುವ ಮುನ್ನ ಆ ದಿನದ ಒಳಹರಿವು ಎಷ್ಟು ಕ್ಯೂಸೆಕ್ ಎಂದು ಪತ್ರಿಕೆಯಲ್ಲಿ ನೋಡಿಕೊಳ್ಳಿ. ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಹೊಟ್ಟೆ ಒಳಗೆಳೆದುಕೊಂಡು ಕಟ್ಟಬೇಡಿ, ಇದ್ದ ಹಾಗೆ ಕಟ್ಟಿ. ಅಂಬಿಗ ತೋರಿಸಿದ ಕಡೆ ಕೂರಿ, ಸೆಲ್ಫಿಗೆಂದು ಏಳಬೇಡಿ. ಮೀನು ತಿನ್ನುವುದನ್ನು ಇಳಿದ ಮೇಲೆ ಇಟ್ಟುಕೊಳ್ಳಿ.